ಕಾರಿನಲ್ಲಿ ಸಿಕ್ಕ ಕರಡಿಗೆ

ಗುಂಡ್ಲುಪೇಟೆಯ ಮಾಗಿ ಚಳಿ ಉಂಡವರಿಗೇ ಗೊತ್ತು. ಬೆಳಗಾಗೆದ್ದರೆ ಊಟಿ ರಸ್ತೆಯ ಸಾಲುಮರಗಳೇ ಕಾಣುವುದಿಲ್ಲ. ಮೊದಲು ಎತ್ತಿನ ಕೊರಳ ಗಂಟೆ ಕೇಳಬೇಕು, ಆಮೇಲೆ ಎತ್ತು ಕಾಣಬೇಕು. ಅಂಥ ಚಳಿಯಲ್ಲಿ ತಣ್ಣೀರು ಮುಟ್ಟಿ ಮೋಟಾರು ತೊಳಿ ಅಂದರೆ ಯಾವನು ತೊಳೆದಾನು? ಬೆರಳು ಸೆಟೆದುಕೊಳ್ಳುವುದಿರಲಿ, ತಳಕ್ಕೆ ಮೆತ್ತಿದ ಗ್ರೀಸು, ಘಾಟಿಯ ಕೆಮ್ಮಣ್ಣು ಎಲ್ಲ ಕಲ್ಲಾಗಿ ಕೂತಿರುತ್ತಿತ್ತು. ಬಸ್ಸಿನ ಸಾಹುಕಾರ ಕರಿಬಸವಯ್ಯನವರಿಗೆ ಈ ಗೋಳು ಸಾಕಾಗಿ ಹೋಗಿತ್ತು. ಮೈಸೂರಿಗೆ ಇನ್ನೂ ರಾಜಪ್ರಮುಖರಿದ್ದ ಕಾಲ ಅದು. ಯುದ್ಧದ ಹಳೇ ಸಾಮಾನು ಅಲ್ಲಲ್ಲಿ ಹರಾಜಾಗುತ್ತಿತ್ತು. ಅವರು ಬೆಂಗಳೂರಿಗೆ ಹೋದವರು ಮಿಲಿಟರಿ ಲಾರಿ ತೊಳೆಯುತ್ತಿದ್ದ ಒಂದು ಹಬೆ ಮಿಷನ್ನನ್ನು ಹೇರಿಕೊಂಡು ಬಂದು ತಮ್ಮ ಷೆಡ್ಡಿನಲ್ಲಿ ನಿಲ್ಲಿಸಿದರು.

ಅದನ್ನು ನಡೆಸುವ ಎದೆಗಾರಿಕೆ ಇದ್ದದ್ದು ಮರಿಮಲ್ಲಪ್ಪನೊಬ್ಬನಿಗೆ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಮಾತು ಕಡಿಮೆ. ತೊಟ್ಟಿಯ ಕೆಳಗೆ ಸೀಮೆಎಣ್ಣೆ ಬರ್ನರು ಹೊತ್ತಿಸಿ, ಒತ್ತಡದ ಮುಳ್ಳು ಮೇಲೇರುವವರೆಗೆ ಕಾದು, ಕೊಳವೆಯ ಬಾಯಿ ತಿರುಗಿಸಿದನೆಂದರೆ ಬುಸ್ಸೆಂದು ನುಗ್ಗಿದ ಹಬೆಯಲ್ಲಿ ಕಾರೂ ಮಾಯ, ಅವನೂ ಮಾಯ. ಹಬೆ ಕರಗಿದಾಗ ಇಂಜಿನ್ನು ಈಗ ತಾನೇ ಪೆಟ್ಟಿಗೆಯಿಂದ ತೆಗೆದಂತೆ ಹೊಳೆಯುತ್ತಿತ್ತು. ಒಳಗಿನ ಕೆಲಸ ಇನ್ನೂ ನಾಜೂಕು. ಸಣ್ಣಗೆ ಹಬೆ ಬಿಟ್ಟು ಚರ್ಮದ ಸೀಟಿನ ಹೊಲಿಗೆಯೊಳಗಿನ ಕೊಳೆ ಎಬ್ಬಿಸಬೇಕು, ಒಣಬಟ್ಟೆಯಲ್ಲಿ ಒರೆಸಬೇಕು, ಕೊನೆಗೆ ಮೇಣ ಹಚ್ಚಿ ಉಜ್ಜಬೇಕು. ಊಟಿಯ ಎಸ್ಟೇಟಿನವರು, ಬತ್ತೇರಿಯ ಮೆಣಸಿನ ವ್ಯಾಪಾರಿಗಳು, ಚಾಮರಾಜನಗರದ ರೇಷ್ಮೆ ಮಂದಿ ಎಲ್ಲರಿಗೂ ಅವನ ಕೈಯೇ ಆಗಬೇಕು.

ತೊಂದರೆ ಒಂದೇ. ಅವನ ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ, ಅಂದರೆ ಇಷ್ಟಲಿಂಗವಿಡುವ ಪುಟ್ಟ ಭರಣಿ, ಹಬೆ ತಗುಲಿದರೆ ಸಾಕು, ಕೆಂಡವಾಗುತ್ತಿತ್ತು. ಎದೆಯ ಮೇಲೆ ಅಲ್ಲಲ್ಲಿ ದುಂಡನೆ ಸುಟ್ಟ ಕಲೆಗಳಿದ್ದವು. ಹಾಗಂತ ತೆಗೆದಿಟ್ಟವನಲ್ಲ. ತೆಗೆಯುವುದು ಅಂದರೇನು, ಮಕ್ಕಳಾಟವೇ? ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಉಸಿರಿರುವ ತನಕ ಮೈಮೇಲಿರಬೇಕು, ಉಸಿರು ನಿಂತ ಮೇಲೆ ಎಡ ಅಂಗೈಯಲ್ಲಿ ಕೂತು ಜೊತೆಗೆ ಮಣ್ಣಿಗೆ ಹೋಗಬೇಕು. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವನ ಮನೆಯಲ್ಲಿ ಯಾರೂ ತುತ್ತೆತ್ತಿದವರಲ್ಲ. ಕಳೆದುಕೊಂಡವನಿಗೆ ಅದು ಸಿಗುವ ತನಕ ಅನ್ನವಿಲ್ಲ. ಸಿಗಲೇ ಇಲ್ಲವೋ, ಅವನು ಓಡಾಡುವ ಹೆಣ ಅಂತಲೇ ಮರಿಮಲ್ಲಪ್ಪನ ತಾಯಿ ಹೇಳಿಕೊಟ್ಟಿದ್ದಳು. ಅವನೂ ಹಾಗೆಯೇ ನಂಬಿದ್ದ.

ಪುಷ್ಯಮಾಸದ ಒಂದು ಬೆಳಿಗ್ಗೆ ಭೀಮನಬೀಡಿನ ದೊಡ್ಡಮಲ್ಲಪ್ಪನವರ ಕರೀ ಆಸ್ಟಿನ್ ಕಾರು ಷೆಡ್ಡಿಗೆ ಬಂತು. ದೊಡ್ಡ ಜಮೀನುದಾರರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಬೆರಳ ಸಂದಿಯಲ್ಲಿ ಸಿಗರೇಟು, ಸ್ಟೇರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ.

"ಬಿರ್‌ಬಿರ್ನೆ ಮಾಡ್ಲಾ ಮರಿಮಲ್ಲ. ಚಾಮ್ರಾಜನಗರಕ್ಕೆ ಓಗ್ಬೇಕು. ಯಾಕೋ ಮೈ ಸರೀಗಿಲ್ಲ, ಬ್ಯಾಗ ಓಗಿ ಬ್ಯಾಗ ಬಂದ್ಬುಡ್ತೀನಿ," ಅಂತ ಹೇಳಿ ಅವರು ಎದುರಿನ ಹೋಟೆಲಿಗೆ ಕಾಫಿಗೆ ಹೋದರು.

ಮರಿಮಲ್ಲಪ್ಪ ಒಳಗಿನ ಕೆಲಸ ಮೊದಲು ಮುಗಿಸಿದ. ಆಮೇಲೆ ಮುಂದಿನ ಚಕ್ರದ ಪಕ್ಕ ಮಲಗಿ ಮಡ್‌ಗಾರ್ಡಿನ ಒಳಗಡೆಗೆ ಹಬೆ ಬಿಟ್ಟ. ತಗಡಿಗೆ ಬಡಿದ ಹಬೆ ತಿರುಗಿ ನೇರ ಎದೆಗೇ ಹೊಡೆಯಿತು. ಅಯ್ಯಪ್ಪಾ! ಬೆಳ್ಳಿ ಚರ್ಮಕ್ಕೆ ಅಂಟಿಕೊಂಡಂತಾಯಿತು. ಏನು ಮಾಡುತ್ತಿದ್ದೇನೆ ಅನ್ನುವ ಮೊದಲೇ ಶಿವದಾರವನ್ನು ತಲೆಯ ಮೇಲಿಂದ ಎಳೆದು ತೆಗೆದುಬಿಟ್ಟಿದ್ದ. ಈಗ ಎಲ್ಲಿಡುವುದು? ನೆಲದ ತುಂಬ ಗ್ರೀಸು. ಗೋಡೆಯ ಮೊಳೆಗಳಲ್ಲಿ ಡ್ರೈವರುಗಳ ಚರ್ಮದ ಬೆಲ್ಟು, ಬೂಟು. ಚಡ್ಡಿಯ ಜೇಬೋ? ಸೊಂಟದ ಕೆಳಗೆ ಲಿಂಗ ಇಟ್ಟುಕೊಳ್ಳುವುದುಂಟೇ? ಸುತ್ತ ನೋಡಿದ. ಇಡೀ ಷೆಡ್ಡಿನಲ್ಲಿ ಮಡಿಯಾದ ಜಾಗ ಅಂತಿದ್ದದ್ದು ಅವನೇ ಈಗ ತಾನೇ ಒರೆಸಿದ್ದ, ಕಾರಿನೊಳಗೆ ಸ್ಟೇರಿಂಗಿನ ಪಕ್ಕ ಸಾಮಾನಿಡುವ ಗೂಡು. ಅದರಲ್ಲಿ ಒಗೆದ ಬಟ್ಟೆ ಹಾಸಿ, ಕರಡಿಗೆ ಇಟ್ಟು, ಕೊಂಚ ಆರಲಿ ಅಂದುಕೊಂಡು ಬಾಗಿಲು ಮುಚ್ಚಿದ.

ಅಷ್ಟರಲ್ಲಿ ಹಿಂದಿನಿಂದ ಕರಿಬಸವಯ್ಯನವರು ಕೂಗಿಕೊಂಡರು. "ಲೇ ಮರಿಮಲ್ಲಾ, ಮುಳ್ಳು ನೋಡ್ಲಾ! ಸಿಡಿದೋದದು!" ಅವನು ಓಡಿದ. ಬರ್ನರು ಆರಿಸಿ ಒತ್ತಡ ಇಳಿಸುವಾಗ ಷೆಡ್ಡೆಲ್ಲ ಹಬೆಯಿಂದ ಬೆಳ್ಳಗಾಯಿತು. ಆ ಬಿಳುಪಿನ ಆಚೆ ಕಾರಿನ ಬಾಗಿಲು ಧಡ್ ಅಂದಿತು, ಇಂಜಿನ್ನು ಗುರುಗುಟ್ಟಿತು. "ಬುದ್ಧೀ! ನಿಂತ್ಕಳಿ ಬುದ್ಧೀ!" ಅಂತ ಅರಚುತ್ತ ರಸ್ತೆಗೆ ಬಿದ್ದ. ಮಂಜು ಕಾರನ್ನು ನುಂಗಿಯಾಗಿತ್ತು.

ಇದೇ ದಾರಿಯಲ್ಲಿ ವಾಪಸು ಬರಬೇಕಲ್ಲ, ಬಂದಾಗ ತೆಗೆದುಕೊಂಡರಾಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬುತ್ತಿ ಬಿಚ್ಚಲಿಲ್ಲ. ಯಾರಾದರೂ ಕೇಳಿದರೆ ಹೊಟ್ಟೆನೋವು ಅಂದ. ಮಧ್ಯಾಹ್ನ ಚಾಮರಾಜನಗರದ ಬಸ್ಸು ಬಂತು. ಡ್ರೈವರು ಇಳಿಯುತ್ತಲೇ ಸುದ್ದಿ ಹೇಳಿದ: ತೆರಕಣಾಂಬಿ ದಾಟಿ ಒಂದು ಆಲದ ಮರದ ಬುಡದಲ್ಲಿ ಕಾರು ನಿಂತಿತ್ತಂತೆ. ದೊಡ್ಡಮಲ್ಲಪ್ಪನವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಮಲಗಿದಂತಿದ್ದರಂತೆ. ಮುಟ್ಟಿ ನೋಡಿದರೆ ಜೀವವಿರಲಿಲ್ಲ. ಅವರ ಕಾರಿನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಊರಿಗೆ ಸಾಗಿಸಿದ್ದರು.

ಮರಿಮಲ್ಲಪ್ಪನ ಎದೆ ಧಸಕ್ಕೆಂದಿತು. ಸತ್ತವರಿಗಾಗಿ ಅಂತ ಹೇಳಿದರೆ ಸುಳ್ಳಾಗುತ್ತದೆ.

ಮರುದಿನ ಸೈಕಲ್ಲು ತುಳಿದುಕೊಂಡು ಭೀಮನಬೀಡು ಸೇರುವ ಹೊತ್ತಿಗೆ ಮೆರವಣಿಗೆ ತೋಟದ ಸಮಾಧಿ ಜಾಗಕ್ಕೆ ಹೊರಟುಬಿಟ್ಟಿತ್ತು. ಮನೆಯ ಮುಂದೆ ಕಾರು ನಿಂತಿತ್ತು. ಯಾರೂ ನೋಡದ ಸಮಯ ಹಿಡಿದು ಗೂಡಿನ ಬಾಗಿಲು ತೆಗೆದ. ಹಾಸಿದ್ದ ಬಟ್ಟೆಯೂ ಇಲ್ಲ, ಕರಡಿಗೆಯೂ ಇಲ್ಲ. ಗೂಡಿನ ಬಾಗಿಲು ಮುಚ್ಚಿ ಜನದ ಹಿಂದೆ ನಡೆದ.

ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ದೊಡ್ಡಮಲ್ಲಪ್ಪನವರನ್ನು ಪದ್ಮಾಸನ ಹಾಕಿ ಕೂರಿಸಿದ್ದರು. ಮೈಯೆಲ್ಲ ವಿಭೂತಿ. ಮಠದ ಅಯ್ನೋರು ಗುರುಮಲ್ಲಯ್ಯನವರು ಕೈ ಚಾಚಿದರು. ಮನೆಯ ಆಳು ಬೋರಯ್ಯ ಒಂದು ಕರಡಿಗೆಯನ್ನು ಅವರ ಕೈಗಿಟ್ಟ. ಮುಚ್ಚಳದ ಮೇಲೆ ಕೊಂಬು ಸವೆದ ಪುಟ್ಟ ಬಸವ. ಹುಟ್ಟಿದಾಗಿನಿಂದ ದಿನಾ ಬೆರಳಾಡಿಸಿದ ಬಸವನನ್ನು ಮರಿಮಲ್ಲಪ್ಪ ಗುರುತು ಹಿಡಿಯದೆ ಇರುತ್ತಾನೆಯೇ? ಅಯ್ನೋರು ಲಿಂಗವನ್ನು ಹೊರತೆಗೆದು ಬರಿದಾದ ಕರಡಿಗೆಯನ್ನು ದೊಡ್ಡಮಲ್ಲಪ್ಪನವರ ಹೆಂಡತಿ ಗುರುಮಲ್ಲಮ್ಮನವರ ಕೈಗೆ ಕೊಟ್ಟರು. ಲಿಂಗವನ್ನು ಸತ್ತವರ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು.

ಕೂಗಬೇಕಿತ್ತು. 'ಅದು ನಂದು ಕಣ್ರಪ್ಪಾ' ಅನ್ನಬೇಕಿತ್ತು. ಬಾಯಿ ತೆರೆದರೆ ಲಿಂಗ ಮೈಮೇಲಿಂದ ತೆಗೆದಿಟ್ಟೆ ಅನ್ನುವುದನ್ನೂ ಆ ಜನದ ಮುಂದೆ ಹೇಳಬೇಕಿತ್ತು. ಮೇಲೆ ವಿಭೂತಿ ಸುರಿದರು, ಬಿಲ್ವಪತ್ರೆ ಸುರಿದರು, ಉಪ್ಪು ಸುರಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ಪದ್ಧತಿ. ಯಾರೋ ಬೆನ್ನು ತಟ್ಟಿ ಮುಂದೆ ಬಿಟ್ಟರು. ತನ್ನ ಲಿಂಗದ ಮೇಲೆ ತನ್ನ ಕೈಯಿಂದಲೇ ಮಣ್ಣು ಹಾಕಿ ಬಂದ ಪುಣ್ಯಾತ್ಮ ಈ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಸ್ನಾನ ಮಾಡಿ, ಹೆಂಡತಿಗೆ ಅನುಮಾನ ಬಾರದಿರಲೆಂದು ಬಾಗಿಲು ಮರೆ ಮಾಡಿ, ಎಡಗೈ ಚಾಚಿ ಕೂರುತ್ತಿದ್ದ. ಬರಿಗೈ. ಕಣ್ಣು ಮುಚ್ಚಿದರೆ ಅತ್ತ ಮಣ್ಣಿನಡಿಯಲ್ಲಿ ಇನ್ನೊಂದು ಎಡಗೈ ಬೆರಳು ಬಿಗಿ ಮಾಡಿದಂತೆ ಅನ್ನಿಸಿ ಇವನ ಅಂಗೈ ಜೋಮು ಹಿಡಿಯುತ್ತಿತ್ತು. ಉಸಿರೆಳೆದರೆ ಮೂಗಿಗೆ ಒದ್ದೆ ಮಣ್ಣು, ವಿಭೂತಿಯ ವಾಸನೆ. ಹಬೆ ಮಿಷನ್ನಿನ ಪಕ್ಕ ನಿಂತರೂ ಮೈಯ ನಡುಕ ನಿಲ್ಲುತ್ತಿರಲಿಲ್ಲ. ಮಜ್ಜಿಗೆ ನೀರು ಬಿಟ್ಟರೆ ಬಾಯಿಗೆ ಬೇರೇನೂ ಇಲ್ಲ. ಬುತ್ತಿಯ ಮುದ್ದೆ ಷೆಡ್ಡಿನ ಹಿಂದಿನ ದನಗಳ ಪಾಲಾಗುತ್ತಿತ್ತು. ಮತ್ತೆ ಮತ್ತೆ ಒಂದು ಪ್ರಶ್ನೆ ಕಾಡುತ್ತಿತ್ತು: ದೊಡ್ಡಮಲ್ಲಪ್ಪನವರ ಸ್ವಂತ ಲಿಂಗ ಎಲ್ಲಿ ಹೋಯಿತು? ಕಾರಿನಲ್ಲಿ ಸಿಕ್ಕಿದ್ದನ್ನು ಅವರದೇ ಅಂತ ಆ ಮನೆಯವರು ಹೇಗೆ ನಂಬಿದರು?

ಹೆಂಡತಿ ಪುಟ್ಟಬಸಮ್ಮ ಕುರುಡಿಯಲ್ಲ. ಒಂದು ದಿನ ಬಚ್ಚಲಿಗೆ ಬಿಸಿನೀರು ತಂದವಳು ಅವನ ಬರೀ ಎದೆ ನೋಡಿ ತಂಬಿಗೆ ಕೈಬಿಟ್ಟಳು.

"ಏನೂಂದ್ರೆ, ಎಲ್ಲಿ?"

ಅವನು ಬಚ್ಚಲ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಮಗುವಿನ ಹಾಗೆ ಅತ್ತುಬಿಟ್ಟ. ಪುಟ್ಟಬಸಮ್ಮ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಮಾತಾಡಿದಳು. "ಇಂಗೇ ಉಪಾಸ ಬಿದ್ದು ಸಾಯ್ತೀರಾ? ಸತ್ರೆ ನಿಮ್ ಅಂಗೈಗೆ ಏನಿಕ್ಲಿ ನಾನು? ಓಗಿ ಆ ಅಮ್ಮೋರ್ಗೆ ಯೇಳ್ಬುಡಿ. ಆಮ್ಯಾಕೆ ಅಯ್ನೋರ ಕಾಲಿಗ್ ಬಿದ್ದು ಒಸದು ಕಟ್ಟಿಸ್ಕಳಿ. ಆಡ್ಕಳೋರು ಆಡ್ಕಂಡು ಸಾಯ್ಲಿ."

ಅವಳ ಮಾತು ಸರಿಯೇ. ಹೊಸ ಲಿಂಗ ಕಟ್ಟುವ ಮೊದಲು ಗುರುಮಲ್ಲಯ್ಯನವರು ಕೇಳುವ ಮೊದಲ ಮಾತೇ 'ಹಳೇದು ಎಲ್ಲಿ' ಅಂತ. ಕೆರೆಗೆ ಬಿತ್ತು, ಕಾಗೆ ಕಚ್ಚಿಕೊಂಡು ಹೋಯಿತು ಅಂತ ಒಂದು ಸುಳ್ಳು ಬಿಡಬಹುದಿತ್ತು. ಗುರುವಿಗೆ ಸುಳ್ಳು ಹೇಳಿ ಕಟ್ಟಿಸಿಕೊಂಡದ್ದು ಬರೀ ಕಲ್ಲು, ಲಿಂಗವಲ್ಲ. ಅಷ್ಟು ಅವನಿಗೂ ಗೊತ್ತಿತ್ತು. ನಿಜ ಹೇಳಿದರೆ ಮಾತ್ರ ಅವನಿಗೆ ಲಿಂಗ, ಲಿಂಗವಿದ್ದರೆ ಮಾತ್ರ ಅನ್ನ. ಆದರೂ ಇವತ್ತು, ನಾಳೆ ಅಂತ ದಿನ ತಳ್ಳಿದ.

ಅಷ್ಟರಲ್ಲಿ ಕಾರೇ ಅವನನ್ನು ಹುಡುಕಿಕೊಂಡು ಬಂತು. ಬೋರಯ್ಯ ಅದನ್ನು ಷೆಡ್ಡಿಗೆ ತಂದು ನಿಲ್ಲಿಸಿದ. "ಅಮ್ಮೋರು ಕಳ್ಸವ್ರೆ ಕಣ್ಲಾ. ಬುದ್ಧಿಯೋರ ತಿಥಿ ಗಣಾರಾಧನೆಗೆ ಮಠದ ಸ್ವಾಮಿಗಳ್ನ ಕರ್ಕೊಂಡ್ ಬರ್ಬೇಕು. ಒಳಗೂ ಈಚೆಗೂ ಚೆಂದಾಗಿ ಮಾಡ್ಕೊಡ್ಬೇಕಂತೆ," ಅಂದು ಬೀಡಿ ಹಚ್ಚಲು ಆಚೆ ಹೋದ.

ಮಂಜು ಷೆಡ್ಡಿನ ಒಳಗೂ ಬಂದು ಕೂತಿತ್ತು. ಮರಿಮಲ್ಲಪ್ಪ ಇಂಜಿನ್ನಿಗೆ, ಚಕ್ರಗಳಿಗೆ ಹಬೆ ಕೊಟ್ಟ. ಆಮೇಲೆ ಹಿಂದಿನ ಬಾಗಿಲು ತೆಗೆದು ಕೊಳವೆಯ ಬಾಯಿ ಸಣ್ಣ ಮಾಡಿ ಸೀಟಿನ ಹೊಲಿಗೆಗೆ ಹಿಡಿದ. ಒಳಗೆಲ್ಲ ಹಬೆ ತುಂಬಿತು. ತುಂಬಿದ ಹಬೆ ನಿಧಾನವಾಗಿ ಸರಿಯುವಾಗ ಸೀಟಿನ ಮೇಲೆ ಯಾರೋ ಕೂತಿದ್ದರು.

ಪದ್ಮಾಸನ ಹಾಕಿ ಕೂತಿದ್ದರು. ಹಣೆ, ಎದೆ, ತೋಳು ಎಲ್ಲ ಬೆಳ್ಳಗೆ. ಮುಖ ಸ್ಪಷ್ಟವಿರಲಿಲ್ಲ. ತೊಡೆಯ ಮೇಲಿದ್ದ ಎಡಗೈ ಮಾತ್ರ ಮೆಲ್ಲಗೆ ಮೇಲೆದ್ದು, ಮಡಿಸಿದ ಬೆರಳುಗಳು ಒಂದೊಂದಾಗಿ ಬಿಚ್ಚತೊಡಗಿದವು.

ಕೊಳವೆ ಕೈಜಾರಿ ನೆಲದ ಮೇಲೆ ಹಾವಿನ ಹಾಗೆ ಹೊರಳಾಡಿತು. ಬೋರಯ್ಯ ಓಡಿಬಂದು ತಿರುಪು ಮುಚ್ಚಿದ. "ಏನಾಯ್ತ್ಲಾ? ದೆವ್ವ ಬಡ್ಕಂಡೋರಂಗೆ ನಿಂತಿದ್ದೀಯೆ!" ಮರಿಮಲ್ಲಪ್ಪ ಸೀಟಿನ ಕಡೆ ಬೊಟ್ಟು ಮಾಡಿದ. ಅಲ್ಲಿ ಒದ್ದೆ ಚರ್ಮ, ಹೊಲಿಗೆಯಿಂದೆದ್ದು ಬಂದ ಒಂದಿಷ್ಟು ವಿಭೂತಿಯ ಹುಡಿ. ಹೆಣ ಸಾಗಿಸುವಾಗ ಯಾರೋ ಹಣೆಗೆ ಬಳಿದದ್ದು ಉದುರಿದ್ದಿರಬೇಕು. ಇರಬೇಕು ಅಂತ ಅವನೂ ಅಂದುಕೊಂಡ. ಆದರೆ ಆ ಸೀಟನ್ನು ಮತ್ತೆ ಮುಟ್ಟಲು ಅವನ ಕೈ ಬರಲಿಲ್ಲ. ಬೋರಯ್ಯನೇ ಒರೆಸಿದ.

'ತಗೊಂಡು ಹೋಗು' ಅಂತ ಕೈ ಬಿಚ್ಚಿದರೋ, 'ನನ್ನದೆಲ್ಲಿ' ಅಂತ ಕೇಳಿದರೋ? ಯಾವುದಾದರೇನು, ಇನ್ನು ತಡೆಯುವ ಹಾಗಿರಲಿಲ್ಲ. ಮೇಣ ಉಜ್ಜಿ ಮುಗಿಸಿದವನೇ, "ನಾನೂ ಬತ್ತೀನಿ ಕಣಣ್ಣೋ, ಅಮ್ಮೋರ್ ತಾವು ಒಂದ್ ಮಾತದೆ," ಅಂದು ಮುಂದಿನ ಸೀಟಿನಲ್ಲಿ ಕೂತ. ಭೀಮನಬೀಡಿನವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಕುತ್ತಿಗೆಗೆ ಯಾರದೋ ತಣ್ಣನೆಯ ಉಸಿರು ತಾಗುತ್ತಲೇ ಇತ್ತು.

ಗುರುಮಲ್ಲಮ್ಮನವರು ತೊಟ್ಟಿಮನೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಬೋಳು ಕೈ, ಹಣೆಯಲ್ಲಿ ಬರೀ ವಿಭೂತಿ. ಮರಿಮಲ್ಲಪ್ಪ ಕಂಬದ ಪಕ್ಕ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ತುಟಿಯವರೆಗೆ ಬಂತು.

"ಅಮ್ಮೋರೆ, ಆ ಕಾರಲ್ಲಿ ಒಂದು ಕರಡಿಗೆ ಸಿಕ್ತಲ್ಲ..."

ಅಷ್ಟು ಅಂದದ್ದೇ ತಡ, ಆಕೆಯ ಮುಖ ಬೆಳಗಿತು. ಮೊರ ಪಕ್ಕಕ್ಕೆ ತಳ್ಳಿದರು.

"ನೀನೂ ಕಂಡಿದ್ಯಾ? ಕಾರ್ ತೊಳಿಯೋನು ನೀನೇ ಅಲ್ವಾ! ಕೂತ್ಕೊ ಬಾ ನನ್ನಪ್ಪ, ಕೂತ್ಕೊ." ಆಕೆ ದನಿ ತಗ್ಗಿಸಿದರು. "ಊರೋರ್ಗೆ ಗೊತ್ತಿಲ್ಲ ಕಣಪ್ಪ, ಅಯ್ನೋರ್ಗೆ ಮಾತ್ರ ಗೊತ್ತು. ನಮ್ಮೋರು ಲಿಂಗ ತೆಗ್ದು ಬಾವಿಗೆಸ್ದು ಎಷ್ಟೋ ವರ್ಷ ಆಗಿತ್ತು. ನಮ್ಮ ಮಗಾ ಕಾಯಿಲೆಲಿ ಓಗ್ಬುಡ್ತಲ್ಲ, ಅವತ್ತೇ. 'ಈ ಕಲ್ಲು ನನ್ ಮಗನ್ನ ಉಳಿಸ್ನಿಲ್ಲ' ಅಂದ್ರು. ಅವತ್ತಿಂದ ಕೋಟಿನ ಗುಂಡಿ ಬಿಚ್ಚಿದ್ದೇ ಇಲ್ಲ. ನಾನು ಅತ್ತೆ, ಕಾಲಿಗ್ ಬಿದ್ದೆ, ಉಪಾಸ ಕುಂತೆ. ಕೇಳ್ನಿಲ್ಲ."

ಮರಿಮಲ್ಲಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಸತ್ ದಿನ ಅಯ್ನೋರು ಬಂದು ಎದೆ ಮುಟ್ಟಿ ನೋಡುದ್ರು. ಏನದೆ ಅಲ್ಲಿ? 'ಲಿಂಗ ಇಲ್ದೋನ್ಗೆ ನಾನು ಕ್ರಿಯೆ ಮಾಡ್ನಾರೆ ತಾಯಿ, ನಿಮ್ಮ ಮಗನ್ ಪಕ್ಕ ಮಡಗೂಕೂ ಆಗಾಕಿಲ್ಲ' ಅಂದ್ಬುಟ್ರು. ನನ್ ಜೀವ ನಿಂತೋಯ್ತು ಕಣಪ್ಪ. ಆಗ್ಲೇ ಬೋರಯ್ಯ ಕರಡಿಗೆ ಇಡ್ಕಂಡು ಕಾರಿಂದ ಓಡ್ಬಂದ. ಮಡಿ ಬಟ್ಟೆ ಮ್ಯಾಲೆ, ದೇವ್ರ ಗೂಡಲ್ಲಿಟ್ಟಂಗೆ ಇಟ್ಟಿದ್ರಂತೆ!" ಆಕೆ ಸೊಂಟದಿಂದಲ್ಲ, ಎದೆಯ ಬಳಿಯ ಸೆರಗಿನ ಗಂಟಿನಿಂದ ಬೆಳ್ಳಿ ಕರಡಿಗೆ ತೆಗೆದು ಕಣ್ಣಿಗೊತ್ತಿಕೊಂಡರು. "ನಮಗ್ಯಾರ್ಗೂ ತೋರುಸ್ದೆ ಬೇರೆ ಕಟ್ಟಿಸ್ಕಂಡು, ಕಾರಲ್ಲಿ ಒಬ್ರೇ ಓಗಿ ಪೂಜೆ ಮಾಡ್ತಿದ್ರು ಕಣಪ್ಪ. ಅದ್ಕೇ ಸ್ಟೇರಿಂಗ್ ಯಾರ್ಗೂ ಕೊಡ್ತಿರ್ನಿಲ್ಲ. ನಾನು ಪಾಪಿ, ಆ ಮನ್ಸನ್ನ ಇಷ್ಟು ವರ್ಷ ಬೈಕಂಡೇ ಬಂದೆ. ಈಗ ಅಪ್ಪ ಮಗ ಒಂದೇ ಕಡೆ ಅವ್ರೆ."

ಆಕೆ ಅಳುತ್ತಿದ್ದರು, ನಗುತ್ತಲೂ ಇದ್ದರು. ಮರಿಮಲ್ಲಪ್ಪನಿಗೆ ಅಂಗೈ ಮತ್ತೆ ಜೋಮು ಹಿಡಿಯಿತು. ಒಂದೇ ಮಾತು ಸಾಕಿತ್ತು. ಅದು ನಂದು ಅಂದಿದ್ದರೆ ಸಂಜೆಯೊಳಗೆ ಅಯ್ನೋರ ಮುಂದೆ ನಿಲ್ಲಬಹುದಿತ್ತು, ಎದೆಗೆ ಲಿಂಗ ಬರುತ್ತಿತ್ತು, ಮನೆಗೆ ಹೋಗಿ ಪುಟ್ಟಬಸಮ್ಮನ ಕೈಯ ಮುದ್ದೆ ಉಣ್ಣಬಹುದಿತ್ತು. ಆ ತಂದೆಯನ್ನು ಮಗನ ಪಕ್ಕದಿಂದ ಎಬ್ಬಿಸುತ್ತಿದ್ದರೋ ಇಲ್ಲವೋ, ಈ ಹೆಂಗಸಿನ ಎದೆಯಿಂದಂತೂ ಎಬ್ಬಿಸಿದಂತಾಗುತ್ತಿತ್ತು.

"ಯೇಳು ನನ್ನಪ್ಪ," ಆಕೆ ಅವನ ಕೈ ಹಿಡಿದುಕೊಂಡರು. "ನೀನ್ ಕಂಡಿದ್ದಿಯಲ್ಲ? ನಿನ್ ಕಣ್ಣಾರ ಕಂಡಿದ್ದಿಯಲ್ಲ?"

"ಕಂಡಿದ್ದೆ ಕಣಮ್ಮೋರೆ," ಅಂದ ಮರಿಮಲ್ಲಪ್ಪ. ತನ್ನ ದನಿ ದೂರದಿಂದ ಬಂದಂತೆ ಅವನಿಗೇ ಕೇಳಿಸಿತು. "ತೊಳಿಯಾಕ್ ಬುಡಾಕ್ ಮುಂಚೆ ಅದ ತೆಗ್ದು ಕಣ್ಣಿಗೊತ್ಕಳೋರು. 'ಇದ್ಕೆ ಅಬೆ ತಾಗುಸ್ಬೇಡ ಕಣ್ಲಾ ಮರಿಮಲ್ಲ, ಯಾರ್ಗೂ ಯೇಳ್ಬೇಡ' ಅನ್ನೋರು."

ಗುರುಮಲ್ಲಮ್ಮನವರು ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡು ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು ಎದ್ದರು.

"ಈ ಮಾತು ತಂದೋನ ಬರೀ ವಟ್ಟೇಲಿ ಕಳ್ಸಿದ್ರೆ ನಂಗೆ ಪಾಪ ಬತ್ತದೆ. ಮೊಕ ನೋಡು, ಎಂಗೆ ಬಾಡೋಗದೆ. ಉಣ್ಕಂಡ್ ಓಗು."

ಬೇಡವೆಂದರೂ ಬಿಡಲಿಲ್ಲ. ಕೈಕಾಲು ತೊಳೆಯಲು ನೀರು ಕೊಟ್ಟರು, ಮಣೆ ಹಾಕಿದರು, ಎಲೆ ಹಾಕಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಬಡಿಸಿ ಸೌಟು ಹಿಡಿದು ಪಕ್ಕದಲ್ಲೇ ನಿಂತರು. ಲಿಂಗಕ್ಕೆ ತೋರಿಸದೆ ಅತಿಥಿ ಉಣ್ಣುವುದಿಲ್ಲ, ಅತಿಥಿ ತೋರಿಸುವವರೆಗೆ ಮನೆಯವಳು ಸರಿಯುವುದಿಲ್ಲ. ಅದು ಅವರ ಕಡೆಯ ಮರ್ಯಾದೆ.

ಮರಿಮಲ್ಲಪ್ಪ ಎಡಗೈಯನ್ನು ಅಂಗಿಯೊಳಗೆ ಹಾಕಿದ. ಬೆರಳಿಗೆ ಸುಟ್ಟ ಕಲೆ ಸಿಕ್ಕಿತು. ಅಲ್ಲೇ ಮುಷ್ಟಿ ಮಾಡಿದ. ಏನನ್ನೋ ಬೀಳದಂತೆ ಹಿಡಿದವನ ಹಾಗೆ ಮುಷ್ಟಿಯನ್ನು ಹೊರಗೆ ತಂದು, ಕಣ್ಣಿಗೆ ಒತ್ತಿಕೊಂಡು, ಮತ್ತೆ ಅಂಗಿಯೊಳಗೆ ಬಿಟ್ಟ. ಇನ್ನು ಮೇಲೆ ಹೊಸ ಲಿಂಗ ಬೇಡಿಕೊಂಡು ಯಾವ ಅಯ್ನೋರ ಮುಂದೆಯೂ ತಾನು ಕೂರುವ ಹಾಗಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಲಗೈಯಿಂದ ಮುದ್ದೆ ಮುರಿದು ಬಾಯಿಗಿಟ್ಟುಕೊಂಡ.

"ಸಪ್ಪೆಯಾಗಿ ಅದಾ?" ಅಂತ ಗುರುಮಲ್ಲಮ್ಮನವರು ಕೇಳಿದರು.

ಬಾಯಲ್ಲಿ ಮಣ್ಣಿತ್ತು, ಉಪ್ಪು, ಬಿಲ್ವಪತ್ರೆ, ವಿಭೂತಿ ಬೆರೆತ ಒದ್ದೆ ಮಣ್ಣು. ಅದನ್ನು ಅಗಿಯದೆ ನುಂಗಿದ.

"ಇಲ್ಲ ಅಮ್ಮೋರೆ, ಸರಿಯಾಗೇ ಅದೆ," ಅಂದ. ಆಕೆ ಇನ್ನೊಂದು ಸೌಟು ಸಾರು ಹಾಕಿದರು. ಅವನು ಎಲೆಯಲ್ಲಿದ್ದದ್ದನ್ನೆಲ್ಲ ಉಂಡ.